ಇಟಾಲಿಯನ್ ಪದ ಬಿಡಿಸಲು, ಒತ್ತು ಹಿಡಿಯಲು ಯಾವ ನಿಘಂಟು? ಉಚಿತ ಸಾಧನಗಳ ವಿಮರ್ಶೆ

ಇಟಲಿಯ ವಿಶ್ವವಿದ್ಯಾಲಯಕ್ಕೆ ಹೊರಟ ವಿದ್ಯಾರ್ಥಿಗಳು, ರೋಮಿನಲ್ಲಿ ದೇವಶಾಸ್ತ್ರ ಓದಲು ಹೋಗುವ ಮಂಗಳೂರಿನ ಫಾದರ್‌ಗಳು, ಸಿಸ್ಟರ್‌ಗಳು, ಬೆಂಗಳೂರಿನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಗಾಯನ ಕಲಿಯುವವರು. ಇಟಾಲಿಯನ್ ಪುಸ್ತಕ ಕೈಗೆತ್ತಿಕೊಂಡ ಕೂಡಲೇ ಇವರೆಲ್ಲರಿಗೂ ಎರಡು ಪ್ರಶ್ನೆ ಎದುರಾಗುತ್ತವೆ. ಪದವನ್ನು ಎಲ್ಲೆಲ್ಲಿ ಬಿಡಿಸಬೇಕು? ಬಿಡಿಸಿದ ಮೇಲೆ ಯಾವ ಉಚ್ಚಾರಾಂಶಕ್ಕೆ ಒತ್ತು ಕೊಡಬೇಕು? ಮೊದಲನೆಯದಕ್ಕೆ ನಿಯಮಗಳಿವೆ. ಅರ್ಧ ಗಂಟೆ ಕೂತರೆ ಕಲಿತು ಮುಗಿಸಬಹುದು. ಎರಡನೆಯದು ಹಾಗಲ್ಲ. ಇಟಾಲಿಯನ್ ಬರಹ ಒತ್ತನ್ನು ಬಹುತೇಕ ಬಚ್ಚಿಡುತ್ತದೆ, ಗೊತ್ತಿಲ್ಲದ ಪದಕ್ಕೆ ನಿಘಂಟು ತೆರೆಯದೆ ಬೇರೆ ದಾರಿಯಿಲ್ಲ. ಹಾಗಾಗಿ ಇಲ್ಲಿ ಪ್ರತಿ ಸಾಧನವನ್ನೂ ಅದು ಒತ್ತನ್ನು ಎಷ್ಟು ಸ್ಪಷ್ಟವಾಗಿ ತೋರಿಸುತ್ತದೆ ಎಂಬುದರ ಮೇಲೆಯೇ ತೂಗಿದ್ದೇನೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ದಿನದ ಬಳಕೆಗೆ ಕೊರಿಯೆರೆ ದೆಲ್ಲ ಸೇರ ಪತ್ರಿಕೆಯ ಜಾಲತಾಣದಲ್ಲಿರುವ ಸಬತೀನಿ-ಕೊಲೆತ್ತಿ ನಿಘಂಟು. ಊರಿನ ಹೆಸರು, ವ್ಯಕ್ತಿಯ ಹೆಸರು, ಒತ್ತಿನ ಬಗ್ಗೆ ಜಗಳವಿರುವ ಪದಗಳಿಗೆ ಇಟಲಿಯ ಪ್ರಸಾರ ಸಂಸ್ಥೆ ರಾಯ್‌ನ ಉಚ್ಚಾರಣಾ ನಿಘಂಟು ದೋಪ್. ಸಾಲಿನ ಕೊನೆಯಲ್ಲಿ ಪದ ಮುರಿಯಲು ಲಿಬ್ರೆ ಆಫೀಸ್ ಅಥವಾ ಪುಟವಿನ್ಯಾಸದ ತಂತ್ರಾಂಶ ಟೆಕ್. ಎಲ್ಲವೂ ಉಚಿತ.

ಇಟಾಲಿಯನ್ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಅಡ್ಡಗೆರೆ ಇದ್ದಲ್ಲಿ ಉಚ್ಚಾರಾಂಶದ ಗಡಿ. ˈ ಗುರುತಿನ ನಂತರ ಬರುವ ಉಚ್ಚಾರಾಂಶಕ್ಕೆ ಒತ್ತು. ನಿಘಂಟುಗಳಲ್ಲಿ ಮಾತ್ರ ಒತ್ತನ್ನು ಸ್ವರದ ತಲೆಯ ಮೇಲೆ ಓರೆಗೆರೆ ಎಳೆದು ತೋರಿಸುತ್ತಾರೆ.

ಸಬತೀನಿ-ಕೊಲೆತ್ತಿ: ಪದದ ಪಕ್ಕದಲ್ಲೇ ಉತ್ತರ

ಫ್ರಾಂಚೆಸ್ಕೊ ಸಬತೀನಿ ಮತ್ತು ವಿತ್ತೋರಿಯೊ ಕೊಲೆತ್ತಿ ಸಂಪಾದಿಸಿದ ಈ ನಿಘಂಟು ಮೊದಲು ಪ್ರಕಟವಾದದ್ದು 1997ರಲ್ಲಿ. ಸಬತೀನಿ ಅವರು 2000ರಿಂದ 2008ರವರೆಗೆ ಇಟಾಲಿಯನ್ ಭಾಷೆಗೆಂದೇ ಇರುವ ಫ್ಲಾರೆನ್ಸಿನ ಕ್ರೂಸ್ಕ ಅಕಾಡೆಮಿಯ ಅಧ್ಯಕ್ಷರಾಗಿದ್ದವರು. ಇದರ ದೊಡ್ಡ ಗುಣ, ಪದದ ಪಕ್ಕದಲ್ಲೇ ಚೌಕ ಕಂಸದೊಳಗೆ ಪದವನ್ನು ಬಿಡಿಸಿಟ್ಟಿರುವುದು. ಮೇಜಿನ ಪದ ಹುಡುಕಿ: ˈತಾ-ವೊ-ಲೊ, ಒತ್ತಿನ ಗೆರೆಯೂ ಅಲ್ಲೇ. ಔಷಧದಂಗಡಿಯ ಪದ: ಫರ್-ಮ-ˈಚೀ-ಅ. ಗಡಿ, ಒತ್ತು ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಉಚ್ಚಾರಣೆಯ ಚಿಹ್ನೆಗಳನ್ನು ಪ್ರತ್ಯೇಕವಾಗಿ ಕಲಿಯಬೇಕಾಗಿಲ್ಲ.

ಹತ್ತಿಪ್ಪತ್ತು ಪದ ತೆರೆದು ನೋಡುವಷ್ಟರಲ್ಲಿ ಬಿಡಿಸುವ ನಿಯಮಗಳು ತಾವಾಗಿಯೇ ಕಾಣತೊಡಗುತ್ತವೆ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ಸ್ವರಕ್ಕೆ: ಅ-ˈಮೋ-ರೆ. ಒಂದೇ ವ್ಯಂಜನ ಎರಡು ಸಲ ಬಂದರೆ, ಅಂದರೆ ನಮ್ಮ ಸಜಾತೀಯ ಸಂಯುಕ್ತಾಕ್ಷರ, ನಡುವೆ ಬಿಡಿಸಬೇಕು: ˈಗತ್-ತೊ, ˈರೊಸ್-ಸೊ, ˈಮಮ್-ಮ. ನೀರಿನ ಪದದಲ್ಲಿ ಸಿ ಮತ್ತು ಕ್ಯೂ ಅಕ್ಷರಗಳು ಜೊತೆಗೆ ಬಂದರೂ ಅದೂ ಇದೇ ಲೆಕ್ಕ: ˈಅಕ್-ಕ್ವ. ಎಲ್, ಎಂ, ಎನ್, ಆರ್ ಅಕ್ಷರಗಳ ನಂತರ ಬೇರೆ ವ್ಯಂಜನ ಬಂದರೆ ಅವು ಹಿಂದಿನ ಉಚ್ಚಾರಾಂಶದಲ್ಲೇ ಉಳಿಯುತ್ತವೆ: ಅಲ್-ˈಬೆರ್-ಗೊ, ˈಕನ್-ತೊ, ˈಪೊರ್-ತ. ಉಳಿದ ವ್ಯಂಜನಗಳ ನಂತರ ಎಲ್ ಅಥವಾ ಆರ್ ಬಂದರೆ ಜೋಡಿ ಒಡೆಯಬಾರದು: ˈಲೀ-ಬ್ರೊ, ˈಸೋ-ಪ್ರ. ಎಸ್ ಅಕ್ಷರದ ನಂತರ ಎಷ್ಟೇ ವ್ಯಂಜನ ಬರಲಿ, ಇಡೀ ಗುಂಪು ಮುಂದಕ್ಕೆ: ˈಪ-ಸ್ತ, ಫಿ-ˈನೆ-ಸ್ತ್ರ, ರೆ-ˈಸ್ಪೀ-ರೊ. ಸಿ-ಎಚ್, ಜಿ-ಎಚ್, ಜಿ-ಎನ್, ಜಿ-ಎಲ್-ಐ, ಎಸ್-ಸಿ ಇವು ಬರಹದಲ್ಲಿ ಹಲವು ಅಕ್ಷರವಾದರೂ ಒಂದೇ ಧ್ವನಿ, ಕತ್ತರಿಸುವಂತಿಲ್ಲ. ಉಳಿದ ವಿಚಿತ್ರ ಜೋಡಿಗಳಿಗೆ ಒಂದು ಪರೀಕ್ಷೆ ಇದೆ: ಆ ಜೋಡಿಯಿಂದ ಇಟಾಲಿಯನ್ ಪದ ಶುರುವಾಗಬಲ್ಲದೇ? ಟಿ-ಎಂನಿಂದ ಶುರುವಾಗುವುದಿಲ್ಲ, ಆದ್ದರಿಂದ ˈರಿತ್-ಮೊ. ಸಿ-ಎನ್ ಕೂಡ ಇಲ್ಲ, ಆದ್ದರಿಂದ ˈತೆಕ್-ನಿ-ಕ.

ಕನ್ನಡಿಗರು ತಪ್ಪುವುದು ಹೆಚ್ಚಾಗಿ ಸಜಾತೀಯ ಜೋಡಿಯಲ್ಲಿ. ನಮ್ಮ ಲಿಪಿಯಲ್ಲಿ ಒತ್ತಕ್ಷರ ಒಂದೇ ಘಟಕ. ಸಾಲಿನ ಕೊನೆಯಲ್ಲಿ ಪದ ಒಡೆಯಬೇಕಾದಾಗ ‘ತ್ತೊ’ ಇಡಿಯಾಗಿ ಕೆಳಗಿನ ಸಾಲಿಗೆ ಹೋಗುತ್ತದೆ, ತಕಾರವನ್ನು ಮೇಲೆ ಬಿಟ್ಟು ಒತ್ತಕ್ಷರದ ಗುರುತನ್ನು ಮಾತ್ರ ಕೆಳಗೆ ತರಲು ಬರುವುದಿಲ್ಲ. ಆ ರೂಢಿಯಿಂದ ಇಟಾಲಿಯನ್ನಿನಲ್ಲೂ ಗ-ತ್ತೊ ಎಂದು ಒಡೆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಅದೇ ರೂಢಿ ಎಸ್ ಗುಂಪಿನಲ್ಲಿ ಸರಿಯಾದ ಉತ್ತರವನ್ನೇ ಕೊಡುತ್ತದೆ: ಪ-ಸ್ತ ಎಂದು ನಮ್ಮ ಲಿಪಿ ಒಡೆಯುವ ಜಾಗವೂ ಇಟಾಲಿಯನ್ ಒಡೆಯುವ ಜಾಗವೂ ಒಂದೇ. ಇಂಗ್ಲಿಷಿನ ಮೂಲಕ ಕಲಿತವರು ಪಸ್-ತ ಎಂದು ಕತ್ತರಿಸಿ ಇಲ್ಲೇ ಎಡವುತ್ತಾರೆ.

ಆದರೆ ಈ ನಿಘಂಟು, ಅಷ್ಟೇ ಯಾಕೆ ಬಹುತೇಕ ಎಲ್ಲ ಇಟಾಲಿಯನ್ ನಿಘಂಟುಗಳೂ, ಹೇಳದೇ ಬಿಡುವ ಒಂದು ಮಾತಿದೆ. ಕಂಸದೊಳಗಿನ ಅಡ್ಡಗೆರೆಗಳು ಬರಹದ ನಿಯಮ, ಬಾಯಿಯ ನಿಯಮ ಅಲ್ಲ. ಪ-ಸ್ತ ಎಂದು ಬಿಡಿಸಿದರೂ ಇಟಾಲಿಯನ್ನರು ಅದನ್ನು ಉಚ್ಚರಿಸುವಾಗ ಮೊದಲ ಅಕಾರ ಹ್ರಸ್ವ, ಸಕಾರ ಹಿಂದಿನ ಸ್ವರಕ್ಕೇ ಅಂಟಿಕೊಳ್ಳುತ್ತದೆ. ನಮ್ಮ ಹೋಟೆಲ್ ಮೆನುಗಳಲ್ಲಿ ಬರೆಯುವ ‘ಪಾಸ್ತಾ’ದ ಎರಡು ದೀರ್ಘಗಳೂ ಇಟಲಿಯಲ್ಲಿಲ್ಲ. ಅಲ್ಲಿ ಅದು ‘ಪಸ್ತ’.

ಇಲ್ಲಿ ಲಘು-ಗುರು ಓದಿದವರಿಗೆ ದೊಡ್ಡ ಅನುಕೂಲವಿದೆ. ಇಟಾಲಿಯನ್ನಿನಲ್ಲಿ ಪದದ ಕೊನೆಯಲ್ಲದ ಬೇರೆ ಎಲ್ಲೇ ಒತ್ತು ಬಿದ್ದರೂ ಆ ಉಚ್ಚಾರಾಂಶ ಗುರುವಾಗಿರುತ್ತದೆ. ಮುಂದೆ ವ್ಯಂಜನ ಅಂಟಿಕೊಂಡಿದ್ದರೆ ಸ್ವರ ಹ್ರಸ್ವ: ˈಪನ್-ನ, ಅಂದರೆ ಕೆನೆ. ಅಂಟಿಕೊಂಡಿಲ್ಲದಿದ್ದರೆ ಸ್ವರ ತಾನೇ ಎಳೆದುಕೊಳ್ಳುತ್ತದೆ: ˈಪಾ-ನೆ, ಅಂದರೆ ಬ್ರೆಡ್. ಇಟಾಲಿಯನ್ ಬರಹದಲ್ಲಿ ಹ್ರಸ್ವ-ದೀರ್ಘದ ಗುರುತೇ ಇಲ್ಲ, ಆದರೆ ಕನ್ನಡದಲ್ಲಿ ಬರೆದುಕೊಂಡರೆ ಒತ್ತು ಅರ್ಧ ತಾನಾಗಿಯೇ ಕಾಣುತ್ತದೆ. ಟಿಪ್ಪಣಿ ಪುಸ್ತಕದಲ್ಲಿ ಪದದ ಪಕ್ಕ ‘ನಾಪೊಲಿ’ ಎಂದು ಬರೆದಿಟ್ಟರೆ ಬೇರೆ ಚಿಹ್ನೆ ಬೇಕಿಲ್ಲ.

ಬರಹದ ಗಡಿ ಬಾಯಿಯ ಗಡಿಯನ್ನು ಮರೆಮಾಡುವುದು ಜಿ-ಎನ್, ಜಿ-ಎಲ್-ಐ, ಎಸ್-ಸಿ, ಝಡ್ ಅಕ್ಷರಗಳಲ್ಲಿ ಇನ್ನೂ ಹೆಚ್ಚು. ಸ್ನಾನದ ಪದವನ್ನು ನಿಘಂಟು ಬ-ಞೊ ಎಂದು ಬಿಡಿಸುತ್ತದೆ, ಪ್ರಮಾಣ ಉಚ್ಚಾರಣೆ ಮಾತ್ರ ˈಬಞ್ಞೊ. ಮೀನು ಪೆ-ಶೆ ಎಂದು ಬಿಡಿಸಲ್ಪಟ್ಟರೂ ಹೇಳುವುದು ˈಪೆಶ್ಶೆ. ಈ ಧ್ವನಿಗಳು ಎರಡು ಸ್ವರಗಳ ನಡುವೆ ಬಂದಾಗ ಯಾವಾಗಲೂ ಇಮ್ಮಡಿ, ಬರಹದಲ್ಲಿ ಒಂದೇ ಸಲ ಬರೆದರೂ ಸರಿ. ಸಬತೀನಿ-ಕೊಲೆತ್ತಿಯ ಕಂಸವನ್ನು ನೋಡಿ ಬಾಯಿಗೆ ಹಾಕಿಕೊಂಡರೆ ‘ಬಾಞೊ’ ಎಂದು ಎಳೆದು ಹೇಳುವ ತಪ್ಪು ಖಂಡಿತ. ಐಪಿಎ, ಅಂದರೆ ಅಂತರರಾಷ್ಟ್ರೀಯ ಧ್ವನಿಲಿಪಿ, ಕೊಡುವ ನಿಘಂಟಿನಲ್ಲಿ ಇಮ್ಮಡಿ ಕಾಣುತ್ತದೆ.

ತ, ದ ವಿಷಯದಲ್ಲಿ ಒಂದು ಮಾತು. ಇಟಾಲಿಯನ್ನಿನ ಟಿ, ಡಿ ಎರಡೂ ದಂತ್ಯ. ‘ಗಟ್ಟೊ’ ಅಲ್ಲ, ‘ಗತ್ತೊ’. ಇದನ್ನು ನಿಘಂಟು ಹೇಳುವುದಿಲ್ಲ, ಯಾಕೆಂದರೆ ಇಟಾಲಿಯನ್ನರಿಗೆ ಮೂರ್ಧನ್ಯ ಇಲ್ಲವೇ ಇಲ್ಲ.

ಸ್ವರಗಳು ಜೊತೆಯಾದಾಗ

ಬಿಡಿಸುವ ಕೆಲಸ ನಿಜವಾಗಿ ಕಷ್ಟವಾಗುವುದು ಸ್ವರದ ಪಕ್ಕ ಸ್ವರ ಬಂದಾಗ. ಅ, ಎ, ಒ ಪರಸ್ಪರ ಸೇರುವುದಿಲ್ಲ, ಪ್ರತಿಯೊಂದೂ ಬೇರೆ ಉಚ್ಚಾರಾಂಶ: ಪೊ-ˈಏ-ತ, ಲೆ-ˈಓ-ನೆ, ಒ-ˈಚೇ-ಅ-ನೊ. ಇ, ಉ ಒತ್ತಿಲ್ಲದೆ ಬಂದರೆ ಪಕ್ಕದ ಸ್ವರದೊಳಗೆ ಸೇರುತ್ತವೆ: ˈಪ್ಯಾ-ನೊ, ˈಫ್ಯೋ-ರೆ, ˈಬ್ವೋ-ನೊ. ಅದೇ ಇ, ಉ ಮೇಲೆ ಒತ್ತು ಬಿದ್ದರೆ ಬೇರೆ ನಿಲ್ಲುತ್ತವೆ: ಪ-ˈಊ-ರ, ˈವೀ-ಅ, ˈತ್ಸೀ-ಒ. ಅಂದರೆ ಒತ್ತು ಗೊತ್ತಿಲ್ಲದೆ ಉಚ್ಚಾರಾಂಶ ಎಣಿಸಲು ಆಗುವುದಿಲ್ಲ. ಬಿಡಿಸುವುದಕ್ಕೆ ನಿಯಮ ಸಾಕು ಎಂದು ಮೇಲೆ ಹೇಳಿದ್ದಕ್ಕೆ ಇದೊಂದೇ ದೊಡ್ಡ ಅಪವಾದ.

ಫರ್-ಮ-ˈಚೀ-ಅ ನಾಲ್ಕು ಉಚ್ಚಾರಾಂಶ. ಅಂಗಿಯ ಪದ ಕ-ˈಮೀ-ಚ ಮೂರೇ, ಯಾಕೆಂದರೆ ಅಲ್ಲಿ ಸಿ ನಂತರದ ಐ ಅಕ್ಷರ ಚಕಾರವನ್ನು ತೋರಿಸಲು ಮಾತ್ರ ಬಂದಿದೆ, ಅದಕ್ಕೆ ಸ್ವಂತ ಧ್ವನಿ ಇಲ್ಲ. ಎರಡೂ ಪದಗಳ ಕೊನೆಯ ಮೂರು ಅಕ್ಷರ ಬರಹದಲ್ಲಿ ಒಂದೇ. ಹಾಗೆಯೇ ಸುಳ್ಳಿನ ಪದ ಬು-ˈಜೀ-ಅ ಮತ್ತು ಸೂಟ್‌ಕೇಸಿನ ಪದ ವ-ˈಲೀ-ಜ. ಒಂದೇ ಕಾಗುಣಿತದ ಜೋಡಿಗಳೂ ಇವೆ: ˈಬಾ-ಲ್ಯ ಅಂದರೆ ಹಾಲೂಡಿಸುವ ದಾದಿ, ಬ-ˈಲೀ-ಅ ಅಂದರೆ ಅಧಿಕಾರ, ಹಿಡಿತ. ˈರೇ-ಜ ಅಂದರೆ ರಾಜಯೋಗ್ಯ, ರೆ-ˈಜೀ-ಅ ಅಂದರೆ ಸಿನಿಮಾ ನಿರ್ದೇಶನ. ಸಬತೀನಿ-ಕೊಲೆತ್ತಿಯ ಕಂಸ ನಿಜವಾಗಿ ಬೆಲೆ ಬಾಳುವುದು ಇಂಥ ಕಡೆ. ಒತ್ತು ಮತ್ತು ಗಡಿ ಜೊತೆಜೊತೆಗೇ ಬದಲಾಗುವುದನ್ನು ಬೇರೆ ಯಾವ ರೀತಿಯ ನಮೂದೂ ಇಷ್ಟು ಚೆನ್ನಾಗಿ ತೋರಿಸುವುದಿಲ್ಲ.

ಕನ್ನಡದ ನಾಲಿಗೆ ಇಲ್ಲಿ ತನಗೇ ಗೊತ್ತಿಲ್ಲದಂತೆ ಆಗಮಸಂಧಿ ಮಾಡಿಬಿಡುತ್ತದೆ. ಪೊಎತ ಬಾಯಲ್ಲಿ ‘ಪೊಯೆತ’ ಆಗುತ್ತದೆ, ಪಊರ ‘ಪವುರ’ ಆಗುತ್ತದೆ. ಯಕಾರ ವಕಾರ ಸೇರಿಸದೆ ಎರಡು ಸ್ವರವನ್ನು ಪಕ್ಕಪಕ್ಕ ಇಡುವುದನ್ನು ಅಭ್ಯಾಸ ಮಾಡಲೇಬೇಕು. ಹಾಡುವವರಿಗಂತೂ ಇದು ಮುಖ್ಯ, ಸ್ವರಲಿಪಿಯಲ್ಲಿ ಎರಡು ಉಚ್ಚಾರಾಂಶಕ್ಕೆ ಎರಡು ಸ್ವರಸ್ಥಾನ ಕೊಟ್ಟಿದ್ದರೆ ನಡುವಿನ ಯಕಾರ ಎದ್ದು ಕೇಳುತ್ತದೆ.

ಇನ್ನೊಂದು ಗುಂಪು: ಪೂರ್ವಪ್ರತ್ಯಯ ಸೇರಿ ಆದ ಪದಗಳು. ರಿ-ಉ-ˈನೀ-ರೆ, ಬಿ-ಎನ್-ˈನಾ-ಲೆ. ಒತ್ತಿಲ್ಲದ ಇಕಾರ ಪಕ್ಕದ ಸ್ವರದೊಳಗೆ ಸೇರಬೇಕಿತ್ತು, ಆದರೆ ಪೂರ್ವಪ್ರತ್ಯಯದ ಗಡಿ ಬಿಟ್ಟುಕೊಡುವುದಿಲ್ಲ. ಇವನ್ನು ನಿಘಂಟು ನೋಡಿಯೇ ಖಚಿತಪಡಿಸಿಕೊಳ್ಳಿ.

ಸಬತೀನಿ-ಕೊಲೆತ್ತಿಯ ಕೊರತೆಗಳೂ ಇವೆ. ಇದು ಸಾಮಾನ್ಯ ಪದಕೋಶ, ಊರುಗಳ ಹೆಸರಿಗೆ ಇಲ್ಲಿಗೆ ಬರಬೇಡಿ. ಕ್ರಿಯಾಪದದ ರೂಪಗಳು ತಲೆಪದವಾಗಿ ಇರುವುದಿಲ್ಲ, ಮೂಲ ರೂಪ ಗೊತ್ತಿರಬೇಕು. ಪತ್ರಿಕೆಯ ಪುಟವಾದ್ದರಿಂದ ಜಾಹೀರಾತು, ಕುಕೀ ಒಪ್ಪಿಗೆ ಎಲ್ಲವನ್ನೂ ದಾಟಿ ಹೋಗಬೇಕು. ವಿವರಣೆಯೆಲ್ಲ ಇಟಾಲಿಯನ್ನಿನಲ್ಲೇ ಇದೆ, ಮೊದಲ ವಾರದ ವಿದ್ಯಾರ್ಥಿಗೆ ಕಂಸದ ಹೊರಗಿನದು ಏನೂ ಅರ್ಥವಾಗದು. ಆದರೆ ನಮಗೆ ಬೇಕಾದದ್ದು ಕಂಸದ ಒಳಗೇ ಇರುವುದರಿಂದ ಅಡ್ಡಿಯಿಲ್ಲ.

ಇದನ್ನು ಬಳಸುವವರಿಗೆ ಒಂದು ಎಚ್ಚರಿಕೆ. ಕಂಸದೊಳಗೆ ಕಾಣುವ ಓರೆಗೆರೆಗಳನ್ನೆಲ್ಲ ನಿಮ್ಮ ಬರಹಕ್ಕೆ ನಕಲು ಮಾಡಬೇಡಿ. ಸಾಮಾನ್ಯ ಇಟಾಲಿಯನ್ ಬರಹದಲ್ಲಿ ಒಂದಕ್ಕಿಂತ ಹೆಚ್ಚು ಉಚ್ಚಾರಾಂಶದ ಪದದ ಕೊನೆಯ ಸ್ವರಕ್ಕೆ ಒತ್ತು ಬಿದ್ದಾಗ ಮತ್ತು ಒಂದೇ ಉಚ್ಚಾರಾಂಶದ ಕೆಲವು ಪದಗಳಲ್ಲಿ ಮಾತ್ರ ಗೆರೆ ಕಡ್ಡಾಯ: ಚಿತ್-ˈತ, ಪೆರ್-ˈಕೆ, ವಿರ್-ˈತು. ಕೊನೆಯ ಎಕಾರಕ್ಕೆ ಎರಡು ಬಗೆಯ ಗೆರೆ ಇವೆ: ಕಾಫಿಯ ಪದದಲ್ಲಿ ತೆರೆದ ಎಕಾರ, ಅಂದರೆ ಬಾಯಿ ಹೆಚ್ಚು ತೆರೆದು ಹೇಳುವುದು, ಗೆರೆ ಎಡದಿಂದ ಬಲಕ್ಕೆ ಇಳಿಯುತ್ತದೆ. ‘ಯಾಕೆ’ ಎಂಬರ್ಥದ ಪೆರ್-ˈಕೆಯಲ್ಲಿ ಮುಚ್ಚಿದ ಎಕಾರ, ಗೆರೆ ಎಡದಿಂದ ಬಲಕ್ಕೆ ಏರುತ್ತದೆ. ಮೂರು ಎಂಬ ಪದಕ್ಕೆ ಒಂದೇ ಉಚ್ಚಾರಾಂಶ, ಗೆರೆ ಇಲ್ಲ. ಇಪ್ಪತ್ತಮೂರರ ಕೊನೆಗೆ ಅದೇ ಪದ ಸೇರಿದಾಗ ಗೆರೆ ಬೇಕು. ಇಟಾಲಿಯನ್ ಭಾಷಾ ಪ್ರಮಾಣಪತ್ರಕ್ಕಾಗಿ ಸಿಯೆನಾದ ಚಿಲ್ಸ್, ಪೆರೂಜದ ಚೆಲಿ ಪರೀಕ್ಷೆ ಬರೆಯುವವರು ಇದನ್ನು ಬೇಗ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ದೋಪ್: ಒತ್ತಿನ ಕೊನೆಯ ನ್ಯಾಯಾಲಯ

ಇಟಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ರಾಯ್ ತನ್ನ ಉದ್ಘೋಷಕರಿಗಾಗಿ ಮಾಡಿಸಿದ ಕಾಗುಣಿತ ಮತ್ತು ಉಚ್ಚಾರಣೆಯ ನಿಘಂಟನ್ನು ಎಲ್ಲರೂ ದೋಪ್ ಎಂದೇ ಕರೆಯುತ್ತಾರೆ. ಬ್ರೂನೊ ಮಿಲ್ಯೊರೀನಿ, ಕಾರ್ಲೊ ತಲ್ಯವೀನಿ, ಪಿಯೇರೊ ಫಿಯೊರೆಲ್ಲಿ ಸಿದ್ಧಪಡಿಸಿದ ಮೊದಲ ಮುದ್ರಣ 1969ರದು. ಅದಕ್ಕೂ ಮೂವತ್ತು ವರ್ಷ ಮುಂಚೆ, 1939ರಲ್ಲಿ, ರಾಯ್‌ನ ಪೂರ್ವಜ ಸಂಸ್ಥೆ ಎಯಾರ್‌ಗಾಗಿ ಬೆರ್ತೋನಿ ಮತ್ತು ಉಗೊಲೀನಿ ಇದೇ ಉದ್ದೇಶದ ಕೈಪಿಡಿ ಮಾಡಿದ್ದರು. ಫ್ಲಾರೆನ್ಸ್ ಮತ್ತು ರೋಮ್ ಎರಡರ ಉಚ್ಚಾರಣೆಯನ್ನೂ ಅವರು ಎದುರಿಗಿಟ್ಟುಕೊಂಡಿದ್ದರು. ಕಂಬದ ಪದ ಕೊ-ˈಲೊನ್-ನ: ಫ್ಲಾರೆನ್ಸಿನಲ್ಲಿ ಒಕಾರ ಮುಚ್ಚಿದ್ದು, ರೋಮಿನಲ್ಲಿ ತೆರೆದದ್ದು. ಪತ್ರದ ಪದ ˈಲೆತ್-ತೆ-ರ ಕೂಡ ಹಾಗೆಯೇ ಎರಡು ಬಗೆ. ಎಕಾರ, ಒಕಾರಗಳ ಈ ಭೇದವನ್ನು ಕನ್ನಡ ಲಿಪಿ ತೋರಿಸಲಾರದು. ಪೀಚ್ ಹಣ್ಣು ಮತ್ತು ಮೀನುಗಾರಿಕೆ ಎರಡೂ ನಮಗೆ ‘ಪೆಸ್ಕ’. ಮೊದಲನೆಯದು ತೆರೆದದ್ದು, ಎರಡನೆಯದು ಮುಚ್ಚಿದ್ದು. ಗಾಳಿಗಳು ಮತ್ತು ಇಪ್ಪತ್ತು ಎರಡೂ ‘ವೆನ್ತಿ’. ದೋಪ್ ಈ ಭೇದವನ್ನು ಗೆರೆಯ ದಿಕ್ಕಿನಿಂದ ತೋರಿಸುತ್ತದೆ, ಜೊತೆಗೆ ದನಿಯೂ ಇದೆ. ಆನ್‌ಲೈನ್ ಆವೃತ್ತಿಯ ದೊಡ್ಡ ಲಾಭವೇ ದನಿಮುದ್ರಣ. ಯಂತ್ರದ ದನಿಯಲ್ಲ, ತರಬೇತಿ ಪಡೆದವರ ಓದು.

ಇಲ್ಲಿ ಉಚ್ಚಾರಾಂಶದ ಅಡ್ಡಗೆರೆ ಹುಡುಕಬೇಡಿ. ದೋಪ್ ಇರುವುದು ಒತ್ತು ಮತ್ತು ಧ್ವನಿಗಾಗಿ.

ಒತ್ತಿನ ಲೆಕ್ಕ ಪದದ ಕೊನೆಯಿಂದ. ಕೊನೆಯ ಉಚ್ಚಾರಾಂಶಕ್ಕೆ ಒತ್ತು ಬಿದ್ದರೆ ತ್ರೊಂಕ, ಕೊನೆಯಿಂದ ಎರಡನೆಯದಕ್ಕೆ ಬಿದ್ದರೆ ಪಿಯಾನ, ಮೂರನೆಯದಕ್ಕೆ ಸ್ದ್ರುಚ್ಚೊಲ, ನಾಲ್ಕನೆಯದಕ್ಕೆ ಬಿಸ್ದ್ರುಚ್ಚೊಲ. ಹೆಚ್ಚಿನ ಪದಗಳು ಪಿಯಾನ. ಕೊನೆಯಿಂದ ಎರಡನೆಯ ಉಚ್ಚಾರಾಂಶ ಒತ್ತಕ್ಷರದ ಹಿಂದೆ ಬಂದು ಗುರುವಾಗಿದ್ದರೆ ಒತ್ತು ಸಾಮಾನ್ಯವಾಗಿ ಅಲ್ಲೇ: ಅ-ˈಸ್ಪೆತ್-ತೊ, ಫಿ-ˈನೆ-ಸ್ತ್ರ. ಎರಡನೆಯದರಲ್ಲಿ ಬರಹದ ಗಡಿ ನೋಡಿದರೆ ಅದು ಗುರುವಲ್ಲ, ಕಿವಿಗೆ ಕೇಳಿದರೆ ಗುರು, ಗೆಲ್ಲುವುದು ಕಿವಿಯೇ. ಆದರೆ ವ್ಯಂಜನದ ನಂತರ ಎಲ್, ಆರ್ ಬರುವ ಜೋಡಿ ಹಿಂದಿನದನ್ನು ಗುರು ಮಾಡುವುದಿಲ್ಲ: ˈಚೇ-ಲೆ-ಬ್ರೆ, ˈಇನ್-ತೆ-ಗ್ರೊ. ಹಳಗನ್ನಡದ ಶಿಥಿಲದ್ವಿತ್ವ ಓದಿದವರಿಗೆ ಒತ್ತಕ್ಷರದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯಬಹುದು ಎಂಬುದು ಹೊಸ ವಿಷಯವಲ್ಲ, ಜೋಡಿಗಳು ಮಾತ್ರ ಬೇರೆ. ಈ ಗುರು ನಿಯಮಕ್ಕೆ ಅಪವಾದ ಕಡಿಮೆ, ಆದರೆ ಇರುವವು ದಿನಬಳಕೆಯವು: ಬಾದಾಮಿ ˈಮನ್-ದೊರ್-ಲ, ವಿಮಾ ಪಾಲಿಸಿ ˈಪೋ-ಲಿತ್-ತ್ಸ, ದಕ್ಷಿಣದ ಊರುಗಳಾದ ˈತಾ-ರನ್-ತೊ, ˈಓ-ತ್ರನ್-ತೊ.

ಎರಡನೆಯದು ಗುರುವಲ್ಲದಿದ್ದರೆ ಊಹೆ ಕೈಕೊಡುತ್ತದೆ. ಅ-ˈಮೀ-ಕೊ ಪಿಯಾನ, ˈಮೂ-ಜ಼ಿ-ಕ ಸ್ದ್ರುಚ್ಚೊಲ. ಬರಹದಲ್ಲಿ ಸುಳಿವೇ ಇಲ್ಲ. ಊರಿನ ಹೆಸರುಗಳಲ್ಲಿ ತಪ್ಪು ಎದ್ದು ಕಾಣುತ್ತದೆ: ˈನಾ-ಪೊ-ಲಿ, ˈಜೇ-ನೊ-ವ, ˈಮೋ-ದೆ-ನ, ˈಪಾ-ದೊ-ವ, ˈಬೆರ್-ಗ-ಮೊ, ˈಊ-ದಿ-ನೆ, ˈಬ್ರಿನ್-ದಿ-ಜ಼ಿ. ‘ಮೊಡೀನಾ’, ‘ಬ್ರಿಂಡೀಸಿ’ ಎಂದು ರೈಲು ಟಿಕೆಟ್ ಕೇಳಿದರೆ ಕೌಂಟರಿನವರು ಇನ್ನೊಮ್ಮೆ ಹೇಳಿ ಅನ್ನುತ್ತಾರೆ. ಸಾರ್ಡೀನಿಯಾದ ನುಒರೊ ಊರನ್ನು ಇಟಾಲಿಯನ್ನರೇ ತಪ್ಪಾಗಿ ನ್ವೋ-ರೊ ಅನ್ನುವುದುಂಟು, ಸರಿಯಾದದ್ದು ˈನೂ-ಒ-ರೊ. ಇಂಥ ಹೆಸರುಗಳಿಗೆ ದೋಪ್‌ಗಿಂತ ಒಳ್ಳೆಯ ಆಧಾರ ಇಲ್ಲ, ಸಾಮಾನ್ಯ ನಿಘಂಟಿನಲ್ಲಿ ಅವು ಸಿಗುವುದೂ ಇಲ್ಲ.

ಇಟಾಲಿಯನ್ನರೇ ಜಗಳವಾಡುವ ಪದಗಳಿಗೂ ಇದೇ ಜಾಗ. ರು-ˈಬ್ರೀ-ಕ ಸರಿ, ˈರೂ-ಬ್ರಿ-ಕ ತಪ್ಪು. ಎ-ˈದೀ-ಲೆ ಸರಿ, ˈಏ-ದಿ-ಲೆ ತಪ್ಪು. ಪು-ˈದೀ-ಕೊ ಸರಿ, ˈಪೂ-ದಿ-ಕೊ ತಪ್ಪು. ರುಚಿಯಾದ ತಿನಿಸು ಎಂಬರ್ಥದ ಲೆಕ್-ಕೊರ್-ˈನೀ-ಅ ಪದವನ್ನು ಲೆಕ್-ˈಕೊರ್-ನ್ಯ ಅಂದರೆ ಒತ್ತು ತಪ್ಪುವುದರ ಜೊತೆಗೆ ನಾಲ್ಕು ಉಚ್ಚಾರಾಂಶ ಮೂರಾಗುತ್ತದೆ. ಉಪಕರಣ ಎಂಬ ನಾಮಪದ ಉ-ತೆನ್-ˈಸೀ-ಲೆ. ಯಂತ್ರೋಪಕರಣ ಎನ್ನುವಾಗ ವಿಶೇಷಣವಾಗಿ ಬಂದರೆ ಉ-ˈತೆನ್-ಸಿ-ಲೆ. ದೋಪ್ ಕೆಲವು ಪದಗಳಿಗೆ ‘ಹೀಗಲ್ಲ’ ಎಂಬ ಎಚ್ಚರಿಕೆಯನ್ನೂ ಸೇರಿಸುತ್ತದೆ. ಅದರ ಮನೋಭಾವ ಸ್ವಲ್ಪ ಸಂಪ್ರದಾಯದ್ದು, ಒಪ್ಪುತ್ತೇನೆ. ಮನೆಯ ಪದಕ್ಕೆ ಫ್ಲಾರೆನ್ಸಿನ ಹಳೆಯ ಉಚ್ಚಾರಣೆ ˈಕಾ-ಸ, ಉತ್ತರ ಇಟಲಿಯಲ್ಲಿ ಎಲ್ಲೆಲ್ಲೂ ಕೇಳುವುದು ˈಕಾ-ಜ಼. ಮಿಲಾನಿಗೆ ಹೋಗುವವರು ಎರಡನೆಯದನ್ನು ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ.

ಕ್ರಿಯಾಪದಗಳಿಗೆ ಮಾತ್ರ ಮತ್ತೆ ಸಬತೀನಿ-ಕೊಲೆತ್ತಿಗೇ ಬನ್ನಿ. ‘ಎರೆ’ಯಿಂದ ಮುಗಿಯುವ ಮೂಲರೂಪಗಳು ಎರಡು ಬಗೆ. ˈಲೆಜ್-ಜೆ-ರೆ, ˈಸ್ಕ್ರೀ-ವೆ-ರೆ, ˈಪ್ರೆನ್-ದೆ-ರೆ ಒಂದು ಬಗೆ. ವೆ-ˈದೇ-ರೆ, ತೆ-ˈಮೇ-ರೆ, ಸ-ˈಪೇ-ರೆ ಇನ್ನೊಂದು. ಒಂದೊಂದನ್ನೂ ಬೇರೆಬೇರೆಯಾಗಿ ಕಲಿಯಬೇಕು. ವರ್ತಮಾನಕಾಲದ ‘ಅವರು’ ರೂಪದಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ಸಾಮಾನ್ಯ. ವಾಸಿಸುತ್ತಾರೆ ಎಂಬುದನ್ನು ಹೊಸಬರು ಅ-ಬಿ-ˈತಾ-ನೊ ಅನ್ನುತ್ತಾರೆ. ಸರಿಯಾದದ್ದು ˈಆ-ಬಿ-ತ-ನೊ, ಒತ್ತು ಕೊನೆಯಿಂದ ನಾಲ್ಕನೆಯದಕ್ಕೆ. ಕಾರಣ ಸರಳ: ‘ನಾನು’ ರೂಪದಲ್ಲಿ ಒತ್ತು ಬೀಳುವ ಸ್ವರವೇ ‘ಅವರು’ ರೂಪದಲ್ಲೂ ಒತ್ತು ಉಳಿಸಿಕೊಳ್ಳುತ್ತದೆ, ಪದದ ಕೊನೆಗೆ ಒಂದು ಉಚ್ಚಾರಾಂಶ ಹೆಚ್ಚುತ್ತದೆ ಅಷ್ಟೆ. ನಿಘಂಟು ಮೂಲರೂಪದ ಜೊತೆ ‘ನಾನು’ ರೂಪವನ್ನು ಒತ್ತಿನ ಗುರುತಿನೊಂದಿಗೆ ಕೊಟ್ಟಿದ್ದರೆ ಅದನ್ನು ಮೊದಲು ನೋಡಿ: ತೆ-ˈಲೇ-ಫೊ-ನೊ ಎಂದಿದ್ದರೆ ತೆ-ˈಲೇ-ಫೊ-ನ-ನೊ ಎಂದು ತಾನಾಗಿಯೇ ಗೊತ್ತಾಗುತ್ತದೆ.

ಒತ್ತು ತಪ್ಪಿದರೆ ಅರ್ಥವೇ ಕೆಡುವ ಪದಗಳೂ ಸಾಕಷ್ಟಿವೆ. ˈಕಾ-ಪಿ-ತೊ ಅಂದರೆ ‘ನಾನು ಅಕಸ್ಮಾತ್ ಬಂದು ಸೇರುತ್ತೇನೆ’, ಕ-ˈಪೀ-ತೊ ಅಂದರೆ ‘ಅರ್ಥವಾಯಿತು’, ಕ-ಪಿ-ˈತೊ ಅಂದರೆ ‘ಘಟಿಸಿತು’. ಮೂರನೆಯದಕ್ಕೆ ಮಾತ್ರ ಬರಹದಲ್ಲಿ ಗೆರೆ ಇದೆ. ˈಅಂ-ಕೊ-ರ ಲಂಗರು, ಅಂ-ˈಕೋ-ರ ‘ಇನ್ನೂ’. ˈಪ್ರಿನ್-ಚಿ-ಪಿ ರಾಜಕುಮಾರರು, ಪ್ರಿನ್-ˈಚೀ-ಪಿ ತತ್ತ್ವಗಳು.

ಉಳಿದ ಎರಡು

ವಿಕಿತ್ಸಿಯೊನಾರಿಯೊ, ಅಂದರೆ ಇಟಾಲಿಯನ್ ವಿಕ್ಷನರಿ, ಉಚ್ಚಾರಾಂಶಗಳಿಗೆಂದೇ ಪ್ರತ್ಯೇಕ ವಿಭಾಗ ಇಟ್ಟುಕೊಂಡಿದೆ. ನಡುವೆ ನೇರಗೆರೆ ಹಾಕಿ ಬಿಡಿಸುತ್ತದೆ, ಒತ್ತನ್ನೂ ಗುರುತಿಸುತ್ತದೆ, ಕೆಳಗೆ ಐಪಿಎ. ಮೇಲೆ ಹೇಳಿದ ಬಞ್ಞೊ, ಪೆಶ್ಶೆಗಳ ಇಮ್ಮಡಿ ನೋಡಲು ಇದು ಉಪಯೋಗ. ಸ್ವಯಂಸೇವಕರ ಕೆಲಸವಾದ್ದರಿಂದ ಕೆಲವು ನಮೂದುಗಳಲ್ಲಿ ಈ ವಿಭಾಗವೇ ಖಾಲಿ, ಸ್ವರಜೋಡಿಗಳನ್ನು ಬಿಡಿಸುವುದರಲ್ಲಿ ಏಕರೂಪತೆಯೂ ಇಲ್ಲ. ಎರಡನೆಯ ಅಭಿಪ್ರಾಯಕ್ಕೆ ಇರಲಿ, ಮೊದಲ ಆಧಾರವಾಗಿ ಬೇಡ.

ತ್ರೆಕ್ಕಾನಿಯ ಆನ್‌ಲೈನ್ ಪದಕೋಶ ಅರ್ಥವಿವರಣೆಯಲ್ಲಿ ಎಲ್ಲಕ್ಕಿಂತ ಸಮೃದ್ಧ. ಉಚ್ಚಾರಾಂಶ ಬಿಡಿಸುವುದಿಲ್ಲ. ಒತ್ತನ್ನು ತಲೆಪದದ ಮೇಲೆಯೇ ತೋರಿಸುತ್ತದೆ, ಆದರೆ ಅ, ಇ, ಉ ಮೇಲೆ ಒತ್ತಿರುವ ಪಿಯಾನ ಪದಗಳಿಗೆ ಸಾಮಾನ್ಯವಾಗಿ ಗೆರೆ ಹಾಕುವುದಿಲ್ಲ. ಗೆರೆ ಇಲ್ಲದಿದ್ದರೆ ಕೊನೆಯಿಂದ ಎರಡನೆಯದು ಎಂದು ತಿಳಿಯಬೇಕು. ಇದು ಗೊತ್ತಿಲ್ಲದವರು ಮಾಹಿತಿ ಬಿಟ್ಟುಹೋಗಿದೆ ಎಂದುಕೊಳ್ಳುತ್ತಾರೆ. ಸಕಾರ, ಝಡ್ ಅಕ್ಷರಗಳ ಮೇಲೆ ಚುಕ್ಕಿ ಕಂಡರೆ ಆ ಧ್ವನಿ ಘೋಷ ಎಂದರ್ಥ.

ಸಾಲಿನ ಕೊನೆಯಲ್ಲಿ ಪದ ಮುರಿಯಲು

ಕಾರ್ಯಕ್ರಮ ಪತ್ರಿಕೆ, ಹಾಡಿನ ಪುಸ್ತಕ, ಪ್ರಬಂಧ ಪುಟವಿನ್ಯಾಸ ಮಾಡುವವರು ಪ್ರತಿ ಪದಕ್ಕೂ ನಿಘಂಟು ತೆರೆಯಬೇಕಿಲ್ಲ. ಫ್ರಾಂಕ್ಲಿನ್ ಲಿಯಾಂಗ್ 1983ರಲ್ಲಿ ಸ್ಟ್ಯಾನ್‌ಫೋರ್ಡಿನ ಪ್ರಬಂಧದಲ್ಲಿ ವಿವರಿಸಿದ ವಿಧಾನವನ್ನೇ ಟೆಕ್ ಮತ್ತು ಲಿಬ್ರೆ ಆಫೀಸ್ ಎರಡೂ ಬಳಸುತ್ತವೆ: ಅಕ್ಷರಗುಂಪುಗಳ ಮಾದರಿಗಳಿಗೆ ಅಂಕೆ ಕೊಟ್ಟು, ಬೆಸ ಅಂಕೆ ಗೆದ್ದ ಕಡೆ ಒಡೆಯುವುದು, ಸಮ ಅಂಕೆ ಗೆದ್ದ ಕಡೆ ಬಿಡುವುದು. ಟೆಕ್‌ನ ಇಟಾಲಿಯನ್ ಮಾದರಿಗಳನ್ನು ಮಾಡಿದವರು ಕ್ಲೌದಿಯೊ ಬೆಕ್ಕಾರಿ, ಆಧಾರ ಇಟಲಿಯ ಯುನಿ 6461 ಮಾನದಂಡ. ಇಂಗ್ಲಿಷಿಗೆ ಸಾವಿರಗಟ್ಟಲೆ ಮಾದರಿ ಬೇಕಾದರೆ ಇಟಾಲಿಯನ್ನಿಗೆ ಕೆಲವೇ ನೂರು ಸಾಕಾಗಿವೆ, ನಿಯಮಗಳು ಅಷ್ಟು ಸ್ವಚ್ಛ.

ಈ ಮಾದರಿಗಳಿಗೆ ಒತ್ತು ಗೊತ್ತಿಲ್ಲ. ಹಾಗಾಗಿ ಅವು ಅನುಮಾನದ ಸ್ವರಜೋಡಿಗಳನ್ನು ಒಡೆಯುವುದೇ ಇಲ್ಲ. ಬಾಲ್ಯ, ಬಲೀಅ ಎರಡನ್ನೂ ಬ ನಂತರ ಒಮ್ಮೆ ಮಾತ್ರ ಒಡೆಯುತ್ತವೆ. ಒಂದು ಜಾಗ ಕಡಿಮೆ ಸಿಗುತ್ತದೆ, ಆದರೆ ತಪ್ಪಾಗುವುದಿಲ್ಲ. ಮುದ್ರಣಕ್ಕೆ ಇದೇ ಸರಿಯಾದ ನಿಲುವು. ಆದರೆ ಉಚ್ಚಾರಾಂಶ ಎಣಿಸಲು ಈ ತಂತ್ರಾಂಶವನ್ನು ಬಳಸಿದರೆ ಲೆಕ್ಕ ಕಡಿಮೆ ಬರುತ್ತದೆ. ಹಾಡಿನ ಸ್ವರಲಿಪಿಯ ಕೆಳಗೆ ಸಾಹಿತ್ಯ ಬಿಡಿಸಿ ಹಾಕುವವರು ಇದನ್ನು ನಂಬಿ ಕೂರಬಾರದು.

ಲಿಬ್ರೆ ಆಫೀಸಿನಲ್ಲಿ ಬಹಳಷ್ಟು ಜನ ಮರೆಯುವ ಮೊದಲ ಹೆಜ್ಜೆ: ಪಠ್ಯವನ್ನು ಆಯ್ದು, ಫಾರ್ಮ್ಯಾಟ್ ಮೆನುವಿನ ಕ್ಯಾರೆಕ್ಟರ್‌ನಲ್ಲಿ ಭಾಷೆಯನ್ನು ಇಟಾಲಿಯನ್ ಎಂದು ಬದಲಿಸಬೇಕು. ಇಂಗ್ಲಿಷ್ ಎಂದೇ ಬಿಟ್ಟರೆ ಇಂಗ್ಲಿಷ್ ಮಾದರಿ ಓಡುತ್ತದೆ, ಎಸ್ ಗುಂಪನ್ನು ನಡುವೆ ಸೀಳುವುದು, ಜಿ-ಎನ್ ಬಿಡಿಸುವುದು ಎಲ್ಲ ಆಗಿಂದಲೇ ಶುರು. ನಂತರ ಪ್ಯಾರಾಗ್ರಾಫ್‌ನ ಟೆಕ್ಸ್ಟ್ ಫ್ಲೋ ಪುಟದಲ್ಲಿ ಹೈಫನೇಶನ್ ಆನ್ ಮಾಡಿ. ಸಾಲಿನ ಕೊನೆಗೆ 2, ಮುಂದಿನ ಸಾಲಿನ ಆರಂಭಕ್ಕೆ 2 ಅಕ್ಷರ ಎಂಬ ಮಿತಿಯನ್ನು ಹಾಗೇ ಬಿಡಿ. ಪದದ ಮೊದಲ ಉಚ್ಚಾರಾಂಶ ಒಂದೇ ಸ್ವರವಾಗಿರುವ ಅಮೋರೆಯಂಥವು ಒಂಟಿ ಅಕ್ಷರವನ್ನು ಸಾಲಿನ ತುದಿಯಲ್ಲಿ ಬಿಟ್ಟುಹೋಗದಂತೆ ಇದು ತಡೆಯುತ್ತದೆ. ನಿಮಗೆ ಬೇಕಾದ ಕಡೆಯೇ ಒಡೆಯಬೇಕಿದ್ದರೆ ಅಲ್ಲಿ ಕಂಟ್ರೋಲ್ ಜೊತೆ ಮೈನಸ್ ಒತ್ತಿ. ಸಾಲು ಮುರಿದಾಗ ಮಾತ್ರ ಆ ಗೆರೆ ಕಾಣುತ್ತದೆ.

ಅಪಾಸ್ಟ್ರಫಿ ಇರುವ ಕಡೆ ಕಣ್ಣಿಟ್ಟಿರಿ. ‘ಕಲೆಯ’ ಎಂಬರ್ಥದ ದೆಲ್ಲ್’ಅರ್ತೆ ಒಡೆಯಬೇಕಾದದ್ದು ದೆಲ್-ಲ್’ಅರ್-ತೆ ಎಂದು, ಅಂದರೆ ಎರಡನೆಯ ಲಕಾರ ಅಪಾಸ್ಟ್ರಫಿಯ ಸಮೇತ ಕೆಳಗಿನ ಸಾಲಿಗೆ ಇಳಿಯಬೇಕು. ಅಪಾಸ್ಟ್ರಫಿಯನ್ನೇ ಸಾಲಿನ ಕೊನೆಗೆ ಬಿಡುವುದನ್ನು ಪತ್ರಿಕೆಗಳು ಈಗ ಸಹಿಸುತ್ತವೆ, ಪುಸ್ತಕದಲ್ಲಿ ಚೆನ್ನಾಗಿ ಕಾಣುವುದಿಲ್ಲ. ಲೋಪವಾದ ಸ್ವರವನ್ನು ಮರಳಿ ತಂದು, ಪೂರ್ತಿ ಪದ ಬರೆದು ಸಾಲು ಮುಗಿಸುವುದಂತೂ ತಪ್ಪೇ. ಟೆಕ್‌ನಲ್ಲಿ ಭಾಷೆ ಇಟಾಲಿಯನ್ ಎಂದು ಘೋಷಿಸಿದರೆ ಈ ಜಾಗವನ್ನು ಅದೇ ನೋಡಿಕೊಳ್ಳುತ್ತದೆ. ಲಿಬ್ರೆ ಆಫೀಸಿನಲ್ಲಿ ಅಂತಿಮ ಕರಡಚ್ಚಿನಲ್ಲಿ ಅಪಾಸ್ಟ್ರಫಿ ಹುಡುಕಿ ಒಂದೊಂದನ್ನೂ ಕೈಯಾರೆ ನೋಡಿ.